ಮಾವನವರ ಬಂದೂಕಿನ ತುಕ್ಕು

ತೊಂದರೆಗೆಲ್ಲ ಮೂಲ ಅರ್ಧ ಸೀಸೆ ಎಣ್ಣೆ.

ಹೊಲಿಗೆ ಯಂತ್ರ ರಿಪೇರಿ ಮಾಡುವ ಆತನನ್ನು ಬೀದಿಯವರೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು. ಆಳೂ ಹಾಗೆಯೇ ಇದ್ದ. ಸಣ್ಣಗೆ, ಚುರುಕಾಗಿ, ಎಲ್ಲಿ ಬೇಕಾದರೂ ತೂರಿ ಅಲ್ಲಿಯೇ ಸಿಕ್ಕಿಕೊಳ್ಳುವಂಥವನು. ಆ ದಿನ ಬೆಳಿಗ್ಗೆ ಒಂದು ಯಂತ್ರದ ಕೆಲಸ ಮುಗಿದು, ಸೀಸೆಯಲ್ಲಿ ಅರ್ಧದಷ್ಟು ಮೆಷಿನ್ ಎಣ್ಣೆ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಬಿರಡೆ ಹಾಕಿ ಮುಚ್ಚಿಡುತ್ತಿದ್ದರು. ಸೂಜಿ ಸುತ್ತ ನೋಡಿದ. ಬಾಗಿಲ ತಿರುಗಣಿಗೆ ಎರಡು ಹನಿ ಬಿಟ್ಟ. ನಲ್ಲಿಗೆ ಎರಡು ಹನಿ. ಹಾಗೇ ಹುಡುಕುತ್ತ ಮುಂದಿನ ಕೋಣೆಗೆ ಬಂದು ತಲೆ ಎತ್ತಿದ. ಗೋಡೆಯ ಮೇಲೆ ಮಾವನವರ ಬಂದೂಕು ತೂಗುತ್ತಿತ್ತು.

ಮನೆ ಮಾವನವರದು. ಸೂಜಿಯ ರಿಪೇರಿ ಅಂಗಡಿ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ. ಅಲ್ಲಿ ತಲೆ ಎತ್ತಿದರೆ ಮೆಟ್ಟಿಲು ತಗಲುತ್ತಿತ್ತು, ತಲೆ ಬಗ್ಗಿಸಿದರೆ ಬೆಳಕು ಸಾಲುತ್ತಿರಲಿಲ್ಲ. ನಾಲ್ಕು ವರ್ಷದಿಂದ ಅಲ್ಲೇ ಕೂತು ಅವನ ಬೆನ್ನು ಏಣಿಯ ಹಾಗೆ ಓರೆಯಾಗಿತ್ತು. ಬೀದಿಗೆ ತೆರೆದ ದೊಡ್ಡ ಕಿಟಕಿಯ ಮುಂದಿನ ಕೋಣೆಯಲ್ಲಿದ್ದುದು ಮಾವನವರ ಒಂದು ಮಂಚ, ಒಂದು ಕುರ್ಚಿ, ಒಂದು ಬಂದೂಕು. ಆ ಕಿಟಕಿಯ ಹತ್ತಿರ ತನ್ನ ಮೇಜು ಹಾಕಿಕೊಳ್ಳಬೇಕು ಎಂಬುದೊಂದೇ ಸೂಜಿಯ ಜೀವನದ ಆಸೆ. ಮೂರು ಸಲ ಕೇಳಿದ್ದ. ಮೂರು ಸಲವೂ ಮಾವ, “ನೋಡೋಣ ಅಳಿಯಂದ್ರೇ,” ಎಂದಿದ್ದರು.

“ಸೈನ್ಯದಲ್ಲಿ ‘ನೋಡೋಣ’ ಅಂದ್ರೆ ‘ಇಲ್ಲ’ ಅಂತ ರೀ,” ಎಂದು ಹೆಂಡತಿ ಅರ್ಥ ಬಿಡಿಸಿ ಹೇಳಿದ್ದಳು.

ಬಂದೂಕು ಮಾವನವರಿಗೆ ನಿವೃತ್ತಿಯ ದಿನ ಸೇನೆ ಕೊಟ್ಟ ಕಾಣಿಕೆ. ಗುಂಡು ಹಾರದ ಹಾಗೆ, ತೋಟಾ ಸಿಡಿಸುವ ಒಳಗಿನ ಮೊಳೆ ತೆಗೆದು ಕೊಟ್ಟದ್ದು. ಅದನ್ನು ಹೇಳುವ ಕಾಗದ ಪಕ್ಕದಲ್ಲೇ ಚೌಕಟ್ಟಿನಲ್ಲಿತ್ತು. ಬಂದೂಕಿನ ಮೈಮೇಲೆ ತುಕ್ಕೋ ತುಕ್ಕು, ಸಮುದ್ರದ ತಳದಲ್ಲಿ ನೂರು ವರ್ಷ ಮಲಗಿದ್ದ ಲಂಗರಿನ ಹಾಗೆ. ಮರದ ಮೇಲೆ ಬೆರಳು ಇಟ್ಟರೆ ಬೆರಳು ಅಂಟುವಷ್ಟು ಜಿಡ್ಡು. ಮಾವ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಎದ್ದು, ಕಾಫಿ ಲೋಟ ಹಿಡಿದು ಅದರ ಎದುರು ಕೂತು, ಸುಮ್ಮನೆ ಬಹಳ ಹೊತ್ತು ನೋಡುತ್ತಿದ್ದರು.

‘ಪಾಪ, ಕೈ ನಡುಗುತ್ತದೆ, ಒರೆಸಲು ಆಗುವುದಿಲ್ಲ. ಬಾಯಿಬಿಟ್ಟು ಕೇಳಲು ಅಭಿಮಾನ,’ ಎಂದು ಸೂಜಿ ಅಂದುಕೊಂಡ. ಮಾವ ದೊಡ್ಡ ಮಗಳ ಮನೆಗೆ ಹೋಗಿ ಎಂಟು ದಿನವಾಗಿತ್ತು. ಸಂಜೆ ಐದರ ಬಸ್ಸಿಗೆ ಬರುವವರಿದ್ದರು. ಬಾಗಿಲಲ್ಲಿ ಕಾಲಿಟ್ಟಾಗ ಬಂದೂಕು ಫಳಫಳ ಹೊಳೆಯುತ್ತಿದ್ದರೆ? ಕಣ್ಣಲ್ಲಿ ನೀರು ಬಂದೀತು. ಬಂದ ನೀರು ಒರೆಸಿಕೊಳ್ಳುವ ಮೊದಲೇ ಕೋಣೆಯ ಮಾತು ಎತ್ತಬಹುದು.

“ಅಪ್ಪನ್ನ ಒಂದು ಮಾತು ಕೇಳಿ, ಆಮೇಲೆ ಮುಟ್ಟಿ,” ಎಂದಳು ಹೆಂಡತಿ.

“ಕೇಳಿಬಿಟ್ರೆ ಆಶ್ಚರ್ಯ ಹೇಗಾಗತ್ತೆ ಅವರಿಗೆ?”

“ಆಶ್ಚರ್ಯ ಆಗೋದು ಬೇಡ ಅಂತಾನೇ ನಾನು ಹೇಳ್ತಿರೋದು.”

ಅಷ್ಟರಲ್ಲಿ ಸೂಜಿ ಕುರ್ಚಿ ಹತ್ತಿ ಆಗಿತ್ತು.

ಬೆಳಕು ಬೇಕೆಂದು ಅವನು ನಡುಮನೆಯ ಮೇಜನ್ನು ಕಿಟಕಿಯ ಪಕ್ಕಕ್ಕೆ ತಂದು, ಬಂದೂಕನ್ನು ಅದರ ಮೇಲೆ ಮಲಗಿಸಿದ. ಅದೇ ತಪ್ಪಾಯಿತು. ಬೀದಿಯಲ್ಲಿ ಹೋಗುವವರು ಹೊಲಿಗೆ ಯಂತ್ರ ನೋಡಿ ನಿಲ್ಲುವುದಿಲ್ಲ. ಬಂದೂಕು ನೋಡಿ ನಿಲ್ಲದೆ ಹೋಗುವ ಮನುಷ್ಯನನ್ನು ದೇವರು ಇನ್ನೂ ಸೃಷ್ಟಿಸಿಲ್ಲ.

ಮೊದಲು ಬಂದವರು ಪಕ್ಕದ ಮನೆಯ ಚರಿತ್ರೆ ಮೇಷ್ಟ್ರು. ಶಾಲೆಗೆ ರಜೆ ಇದ್ದುದರಿಂದ ಪಾಠ ಕೇಳುವವರಿಲ್ಲದೆ ಮೂರು ದಿನದಿಂದ ಒಣಗಿದ್ದರು.

“ನಿಲ್ಸಿ! ಎಣ್ಣೆ ಮುಟ್ಟಿಸಬೇಡಿ!” ಎಂದು ಕಿಟಕಿಯಿಂದಲೇ ಕೂಗಿದರು. “ಇದು ಯಾವ ಬಂದೂಕು, ಯಾವ ಕಾಲದ್ದು, ಯಾರು ಮಾಡಿದ್ದು? ಮೊದಲು ಗುರುತು, ಆಮೇಲೆ ರಿಪೇರಿ!”

“ನಮ್ಮ ಮಾವಂದು ಸಾರ್.”

“ಅದು ಗುರುತಲ್ಲ ರೀ, ಅದು ವಿಳಾಸ.”

ಅವರ ಹಿಂದೆಯೇ ಎದುರು ಮನೆಯ ಕಂಪೌಂಡರ್ ಬಂದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧಿ ಬೆರೆಸಿ ಈಗ ಮನೆಯಲ್ಲಿದ್ದರು. ಆದರೆ ಟಾರ್ಚು ಮಾತ್ರ ಇನ್ನೂ ಜೇಬಿನಲ್ಲೇ. “ಮೇಷ್ಟ್ರು ಹೇಳೋದು ಸರಿ. ರೋಗ ಗೊತ್ತಾಗದೆ ಔಷಧಿ ಕೊಡಬಾರದು,” ಎನ್ನುತ್ತ ಬಂದೂಕನ್ನು ಎತ್ತಿ ಎರಡೂ ಕೈಯಲ್ಲಿ ತೂಗಿದರು. “ಜರ್ಮನಿದು.”

“ಹೇಗೆ ಹೇಳ್ತೀರಿ?”

“ತೂಕದಲ್ಲೇ ಗೊತ್ತಾಗತ್ತೆ.”

“ತೂಕ ನೋಡಿ ಹೇಳೋಕೆ ಇದೇನು ಈಗ ಹುಟ್ಟಿದ ಮಗೂನಾ?” ಎಂದರು ಮೇಷ್ಟ್ರು. ಮನೆಗೆ ಓಡಿ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಹೊತ್ತು ತಂದರು.

ಇಬ್ಬರೂ ವಾದಿಸುತ್ತಿರುವಾಗ ಸೂಜಿ ತನಗೆ ಗೊತ್ತಿದ್ದ ಕೆಲಸ ಮಾಡಿದ. ಹಳೆಯ ಯಂತ್ರ ಯಾವುದಾದರೇನು, ಮಾಡಿದವನು ಎಲ್ಲೋ ಒಂದು ಕಡೆ ಹೆಸರು ಕೊರೆದೇ ಇರುತ್ತಾನೆ. ಮರ ಮತ್ತು ಕಬ್ಬಿಣ ಕೂಡುವ ಕಡೆ, ಬಂದೂಕಿನ ಕುತ್ತಿಗೆಗೆ ಒಂದು ದಪ್ಪ ಉಕ್ಕಿನ ಪಟ್ಟಿ ಇತ್ತು. ಅದರ ಮೇಲೆ ಎಣ್ಣೆಯ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಟ್ಟ. ಆಮೇಲೆ ಮೆದುವಾದ ತಂತಿಯ ಉಂಡೆಯಿಂದ, ಮಗುವಿನ ಕೆನ್ನೆ ಒರೆಸಿದ ಹಾಗೆ ಒರೆಸಿದ. ಕಾವ್ಯ ಓದುವವರು ಗಂಟಲು ಸರಿಮಾಡಿಕೊಂಡ ಮೇಲೆ ಒಂದೊಂದೇ ಅಕ್ಷರ ಸ್ಪಷ್ಟವಾಗುವಂತೆ ತುಕ್ಕಿನೊಳಗಿಂದ ಗುರುತುಗಳು ಮೇಲೆ ಬಂದವು. ಒಂದು ಕಿರೀಟ. 1917. ಮೂರು ನೆಟ್ಟ ಗೆರೆ. ಗೆರೆಗಳ ಪಕ್ಕ ಒಂದು ಪುಟ್ಟ ನಕ್ಷತ್ರ.

ಮೇಷ್ಟ್ರು ಪುಟ ತಿರುವಿದರು. ಬೆರಳು ಒಂದು ಚಿತ್ರದ ಮೇಲೆ ನಿಂತಿತು. “ಮೂತಿ ಮೊಂಡು. ಹತ್ತು ತೋಟಾ ಹಿಡಿಯೋ ಪೆಟ್ಟಿಗೆ. ಹಿಂದೆ ಹಿತ್ತಾಳೆ ತಟ್ಟೆ. ತ್ರೀ ನಾಟ್ ತ್ರೀ! ಮೂರನೇ ಮಾದರಿ! ಎಲ್ಲಿ ಹೋಯ್ತು ಕಂಪೌಂಡರೇ ನಿಮ್ಮ ಜರ್ಮನಿ?”

“ನಕ್ಷತ್ರ ಯಾಕಿದೆ ಹಾಗಾದ್ರೆ?” ಎಂದರು ಕಂಪೌಂಡರ್, ಸೋಲನ್ನು ಪ್ರಶ್ನೆಯೊಳಗೆ ಮಡಚಿಟ್ಟು.

“ಶೌರ್ಯಕ್ಕೆ ಕೊಟ್ಟಿರೋದು,” ಎಂದರು ಮೇಷ್ಟ್ರು, ಪುಸ್ತಕ ನೋಡದೆ.

ಆ ಮಾತು ಕಿಟಕಿಯಿಂದ ಹೊರಗೆ ಹಾರಿತು. ಹತ್ತು ಗಂಟೆಗೆ ಬೀದಿಯ ತುದಿಯಲ್ಲಿ ಸೂಜಿಯ ಮಾವನ ಬಂದೂಕಿಗೆ ಪದಕ ಬಂದಿತ್ತು. ಹತ್ತೂವರೆಗೆ ಮಾವ ಒಬ್ಬರೇ ಒಂದು ಸೇತುವೆ ಕಾದಿದ್ದರು. ಹನ್ನೊಂದಕ್ಕೆ ಸೇತುವೆ ಎರಡಾಯಿತು. ಬಂದೂಕು ಯುದ್ಧಕ್ಕೆ ಹೋದಾಗ ಮಾವ ಹುಟ್ಟಿಯೇ ಇರಲಿಲ್ಲ ಎಂಬ ಸಣ್ಣ ಸಂಗತಿ ಯಾರಿಗೂ ಅಡ್ಡ ಬರಲಿಲ್ಲ.

ಅಷ್ಟು ಹೊತ್ತಿಗೆ ಮೇಷ್ಟ್ರು ಮುಂದಿನ ಪುಟ ತಿರುವಿ, ಓದಿ, ಮೆಲ್ಲಗೆ ಪುಸ್ತಕ ಮುಚ್ಚಿದರು.

“ಏನ್ ಬರೆದಿದೆ ಸಾರ್ ನಕ್ಷತ್ರದ ಬಗ್ಗೆ?” ಎಂದ ಸೂಜಿ.

“ಯುದ್ಧದ ಅವಸರಕ್ಕೆ ಕೆಲವು ಭಾಗ ಬಿಟ್ಟು ಮಾಡಿದ ಬಂದೂಕಿಗೆ ಆ ಗುರುತಂತೆ,” ಎಂದರು ದನಿ ತಗ್ಗಿಸಿ. “ಈಗ ಬೀದಿಗೆ ಹೇಳೋಕೆ ಹೋಗಬೇಡಿ. ಸೇತುವೆ ಎರಡಾಗಿದೆ.”

ಸುದ್ದಿ ಹಾಗೆ ಉರುಳುತ್ತ ಪೊಲೀಸ್ ಠಾಣೆಯ ಮುಂದೂ ಹಾದುಹೋಗಿತ್ತು. ಬಾಗಿಲಲ್ಲಿ ಕಾನ್‌ಸ್ಟೆಬಲ್ ಪ್ರತ್ಯಕ್ಷನಾದ. ಹೊಟ್ಟೆ ಮೊದಲು, ಟೋಪಿ ಆಮೇಲೆ.

“ಇಲ್ಲಿ ಆಯುಧ ಸಿದ್ಧ ಆಗ್ತಿದೆ ಅಂತ ಗೊತ್ತಾಗಿದೆ. ಯಾರು ಮುಖ್ಯಸ್ಥ?”

ಮೇಷ್ಟ್ರೂ ಕಂಪೌಂಡರೂ ಒಂದು ಹೆಜ್ಜೆ ಹಿಂದೆ ಸರಿದರು. ಸರಿಯಲು ಜಾಗವಿಲ್ಲದೆ ಸೂಜಿ ಮುಖ್ಯಸ್ಥನಾದ. ಕಾನ್‌ಸ್ಟೆಬಲ್ ಹಾಗೆಂದು ಪುಸ್ತಕದಲ್ಲಿ ಬರೆದುಕೊಂಡ. ಸೂಜಿ ಚೌಕಟ್ಟಿನ ಕಾಗದ ಇಳಿಸಿ ಕೊಟ್ಟ. ಕಾನ್‌ಸ್ಟೆಬಲ್ ಅದನ್ನು ಮೂರು ಸಲ ಓದಿದ, ಮೊಹರಿನ ಮೇಲೆ ಉಗುರಿನಿಂದ ಕೆರೆದು ನೋಡಿದ, ಮೊಳೆ ಇಲ್ಲವೆಂಬುದನ್ನು ಕಣ್ಣಾರೆ ಕಂಡುಕೊಂಡ. ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟು, “ಒರೆಸೋದು ಹಾಗಲ್ಲ ಕಣ್ರೀ, ಒಂದೇ ದಿಕ್ಕಿಗೆ ಒರೆಸಬೇಕು. ಕೊಡಿ ಇಲ್ಲಿ,” ಎಂದು ಕೂತೇಬಿಟ್ಟ. ಸೂಜಿಯ ಹೆಂಡತಿ ಕಾಫಿ ಲೋಟಗಳನ್ನು ಎಣಿಸಿ, ನಾಲ್ಕನೆಯದನ್ನು ತೊಳೆಯಲು ಹೋದಳು.

ಮುಂದಿನದು ತೋಟಾ ಪೆಟ್ಟಿಗೆ. ಅದರ ಮುಚ್ಚಳ ಜಂಗು ಹಿಡಿದು ಕಚ್ಚಿಕೊಂಡಿತ್ತು. “ನಿಧಾನ, ಒಳಗೆ ಸ್ಪ್ರಿಂಗ್ ಇರತ್ತೆ,” ಎಂದು ಸೂಜಿ ಹೇಳುತ್ತಿರುವಾಗಲೇ ಕಾನ್‌ಸ್ಟೆಬಲ್ ಹೆಬ್ಬೆರಳು ಒತ್ತಿದ. ಹತ್ತಾರು ವರ್ಷ ಮುದುಡಿ ಮಲಗಿದ್ದ ಸ್ಪ್ರಿಂಗಿಗೆ ಬಿಡುಗಡೆ ಸಿಕ್ಕಿತು. ಅದು ಟಣ್ ಎಂದು ಎದ್ದು, ಮೇಷ್ಟ್ರ ಕಿವಿಯ ಪಕ್ಕ ಹಾದು, ನಡುಮನೆ ದಾಟಿ, ಅಡುಗೆಮನೆಯೊಳಗೆ ಹೋಯಿತು. ಒಳಗಿನಿಂದ ‘ಬುಳಕ್’ ಎಂಬ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಹೆಂಡತಿ ಸೌಟು ಹಿಡಿದು ಬಂದಳು. ಸೌಟಿನಲ್ಲಿ ಎರಡು ಬೆಂದ ಆಲೂಗಡ್ಡೆ, ಒಂದು ಸ್ಪ್ರಿಂಗು.

“ಇದರಲ್ಲಿ ನಿಮ್ದು ಯಾವುದು, ಆರಿಸ್ಕೊಳ್ಳಿ.”

“ನೋಡು, ಬಿಸಿನೀರಲ್ಲಿ ಬೆಂದು ಜಿಡ್ಡೆಲ್ಲ ಹೋಗಿದೆ,” ಎಂದ ಸೂಜಿ ಸಂತೋಷದಿಂದ.

“ಎಲ್ಲಿಗೆ ಹೋಗಿದೆ ಅಂತ ಯೋಚನೆ ಮಾಡಿದ್ರಾ?” ಎಂದಳು ಅವಳು. ಮಧ್ಯಾಹ್ನ ಆಲೂಗಡ್ಡೆಯನ್ನು ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಕಾನ್‌ಸ್ಟೆಬಲ್ ಮಾತ್ರ ಹಾಕಿಸಿಕೊಂಡ.

ಊಟವಾದ ಮೇಲೆ ಕಂಪೌಂಡರ್ ಸರದಿ. ಅವರು ಟಾರ್ಚು ಹಚ್ಚಿ, ಬಂದೂಕಿನ ಬಾಯಿಗೆ ಕಣ್ಣಿಟ್ಟು, ರೂಢಿಬಲದಿಂದ “ಆ... ಅನ್ನು,” ಎಂದರು. ಬಂದೂಕು ಏನೂ ಅನ್ನಲಿಲ್ಲ. “ಗಂಟಲು ಕಟ್ಟಿದೆ. ತೊಳೀಬೇಕು.”

ಹಿತ್ತಾಳೆ ತಟ್ಟೆಯಲ್ಲಿ ಒಂದು ಪುಟ್ಟ ಬಾಗಿಲಿತ್ತು. ಅದನ್ನು ತೆಗೆದರೆ ಒಳಗೆ ಮರದ ಪೊಟರೆ, ಪೊಟರೆಯಲ್ಲಿ ಬಂದೂಕು ಒರೆಸುವ ಹಗ್ಗ. ಕಾರ್ಖಾನೆಯ ಗಂಟು ಕೂಡ ಬಿಚ್ಚಿರಲಿಲ್ಲ. ಅದರ ತುದಿಗೆ ಒಂದು ಚೂರು ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆಯಬೇಕು.

“ಚೂರು ಬಟ್ಟೆ ಎಲ್ಲಿ ಸಾಕಾಗತ್ತೆ? ಔಷಧಿ ಚೆನ್ನಾಗಿ ನಾಟಬೇಕು,” ಎಂದು ಕಂಪೌಂಡರ್ ತಮ್ಮ ಇಡೀ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದರು. ಕರವಸ್ತ್ರ ಸರಿಯಾಗಿ ಅರ್ಧ ದಾರಿ ಹೋಗಿ ಸನ್ಯಾಸ ತೆಗೆದುಕೊಂಡಿತು. ಮುಂದೆಯೂ ಬಾರದು, ಹಿಂದೆಯೂ ಹೋಗದು. ಕಾನ್‌ಸ್ಟೆಬಲ್ ಹಗ್ಗ ಹಿಡಿದ. ಮೇಷ್ಟ್ರೂ ಕಂಪೌಂಡರೂ ಬಂದೂಕು ಹಿಡಿದರು. ಸೂಜಿ ಮೇಜು ಹಿಡಿದ. “ಒಂದು, ಎರಡು...” ಎಂದು ಬೀದಿಯವರು ಕಿಟಕಿಯಾಚೆಯಿಂದ ಎಣಿಸಿದರು. ಮೂರಕ್ಕೆ ಫಟ್ಟನೆ ಬಿಟ್ಟುಕೊಂಡಿತು. ಕಾನ್‌ಸ್ಟೆಬಲ್ ಮಾವನವರ ಮಂಚದ ಮೇಲೆ ಅಂಗಾತ ಬಿದ್ದ, ಮೇಷ್ಟ್ರು ಕಂಪೌಂಡರ ಮೇಲೆ, ಕಂಪೌಂಡರ್ ಸೂಜಿಯ ಮೇಲೆ. ಬಂದೂಕಿಗೆ ಮಾತ್ರ ಏನೂ ಆಗಲಿಲ್ಲ, ಅದು ಎಲ್ಲರ ಮೇಲಿತ್ತು.

ಕಂಪೌಂಡರ್ ಮಲಗಿದ್ದಲ್ಲಿಂದಲೇ ಟಾರ್ಚು ಬಿಟ್ಟು ನೋಡಿದರು. “ಆಹಾ! ಒಳಗೆ ಸುರುಳಿ ಸುರುಳಿ ಗೆರೆ ಕನ್ನಡಿ ಹಾಗೆ ಕಾಣ್ತಿದೆ ರೀ!”

ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂದೂಕು ಹೋಯಿತು. ಎಲ್ಲರೂ ಒಂದು ಕಣ್ಣು ಮುಚ್ಚಿ ನೋಡಿದರು. ನೋಡಿದವರೇ ಮತ್ತೊಮ್ಮೆ ನೋಡಲು ಕೈ ಚಾಚಿದರು.

ಉಳಿದದ್ದು ಮರ. ಮೈತುಂಬ ತಗ್ಗುಗಳು. ಉಜ್ಜುಕಾಗದ ಹಾಕಿ ಸವೆಸಿಬಿಡೋಣ ಎಂದರು ಮೇಷ್ಟ್ರು. ಸೂಜಿ ಒಪ್ಪಲಿಲ್ಲ. ಮರದ ಮೇಲೂ ನಂಬರುಗಳಿದ್ದವು, ಅವು ಅಳಿಸಿಹೋಗಬಾರದು. “ಪಕ್ಕಕ್ಕೆ ಸರೀರಿ ಎಲ್ಲಾ,” ಎನ್ನುತ್ತ ಹೆಂಡತಿ ಇಸ್ತ್ರಿ ಪೆಟ್ಟಿಗೆ ತಂದಳು. ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬಿಸಿ ಇಸ್ತ್ರಿ ಒತ್ತಿದಳು. ಹಬೆ ಚುಯ್ ಎಂದಿತು. ಬಟ್ಟೆ ತೆಗೆದರೆ ತಗ್ಗು ನೀರು ಕುಡಿದ ಗಿಡದ ಹಾಗೆ ಮೇಲೆದ್ದಿತ್ತು.

“ಇದೆಲ್ಲಿ ಕಲಿತೆ?” ಎಂದ ಸೂಜಿ ಬೆರಗಾಗಿ.

“ನೀವು ಸುತ್ತಿಗೆ ಬೀಳಿಸಿದ ಮೇಜನ್ನೆಲ್ಲ ಇಷ್ಟು ವರ್ಷ ಸರಿಮಾಡಿದ್ದು ಯಾರು ಅಂದ್ಕೊಂಡ್ರಿ?”

ಅವಳೂ ಸೆರಗು ಬಿಗಿದು ಕೂತಳು. ಅಗಸೆ ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿ ತಿಕ್ಕಿ ಮರಕ್ಕೆ ಕುಡಿಸಿದರು. ನಾಲ್ಕೂಮುಕ್ಕಾಲಿಗೆ ಬಂದೂಕು ಗೋಡೆಗೆ ಏರಿತು. ಕಬ್ಬಿಣ ಕಾಡಿಗೆಯ ಹಾಗೆ, ಮರ ಜೇನಿನ ಹಾಗೆ, ಹಿತ್ತಾಳೆ ಬೆಳಗಿನ ಸೂರ್ಯನ ಹಾಗೆ. ಸೂಜಿ ಬೆನ್ನು ನೆಟ್ಟಗೆ ಮಾಡಿ, ಕಿಟಕಿಯಿಂದ ಗೋಡೆಯವರೆಗೆ ಹೆಜ್ಜೆಯಲ್ಲಿ ಅಳೆದ. ಮೇಜು ಇಲ್ಲಿ. ಎರಡು ಕುರ್ಚಿ ಅಲ್ಲಿ. ಬೋರ್ಡು ಕಿಟಕಿಗೆ.

ಐದೂ ಹತ್ತಕ್ಕೆ ಮಾವ ಬಂದರು. ಕೈಯಲ್ಲಿ ಟ್ರಂಕು. ಬಾಗಿಲಲ್ಲಿ ನಿಂತು ಗೋಡೆ ನೋಡಿದರು. ಟ್ರಂಕು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ಯಾರು ಮಾಡಿದ್ದು?”

“ಗುರುತು ಹಿಡಿದದ್ದು ನಾನು,” ಎಂದರು ಮೇಷ್ಟ್ರು.

“ಗಂಟಲು ಬಿಡಿಸಿದ್ದು ನಾನು,” ಎಂದರು ಕಂಪೌಂಡರ್.

“ನಾನಿಲ್ದೆ ಇದ್ರೆ ಆ ಬಟ್ಟೆ ಈಚೆಗೇ ಬರ್ತಿರಲಿಲ್ಲ,” ಎಂದ ಕಾನ್‌ಸ್ಟೆಬಲ್.

ಮಾವ ಹತ್ತಿರ ಹೋದರು. ನಳಿಗೆಯ ಮೇಲೆ ಬೆರಳು ಎಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಬೆರಳು ಶುಚಿಯಾಗಿತ್ತು. ಕುರ್ಚಿಯ ಮೇಲೆ ಕುಸಿದರು. ಕಣ್ಣಲ್ಲಿ ನೀರು ತುಂಬಿತು. ಸೂಜಿ ಮಾತು ಎತ್ತಲು ಬಾಯಿ ತೆರೆದ.

“ಹದಿನೆಂಟು ವರ್ಷ,” ಎಂದರು ಮಾವ. “ಹದಿನೆಂಟು ವರ್ಷ ಬೆಳೆಸಿದ ತುಕ್ಕು!”

ತೆರೆದ ಬಾಯಿ ಹಾಗೇ ಉಳಿಯಿತು.

“ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದೂಕು ಒರೆಸಿದ್ದೀನಿ. ಐದೂವರೆಗೆ ಸಾಹೇಬ ಬರೋನು. ಒಂದು ಕಣ್ಣು ಮುಚ್ಚಿ ನಳಿಗೆ ಒಳಗೆ ನೋಡೋನು. ‘ಧೂಳು’ ಅನ್ನೋನು. ಇರಲಿ ಇಲ್ಲದಿರಲಿ, ‘ಧೂಳು’. ಮತ್ತೆ ಒರೆಸಬೇಕು. ನಿವೃತ್ತಿ ದಿನ ಉಗ್ರಾಣದಲ್ಲಿ ಐದು ಹಳೇ ಬಂದೂಕು ಜೋಡಿಸಿಟ್ಟು, ನಿಮಗೆ ಬೇಕಾದ್ದು ಆರಿಸ್ಕೊಳ್ಳಿ ಅಂದ್ರು. ಎಲ್ಲಕ್ಕಿಂತ ಕೊಳಕಾಗಿದ್ದನ್ನ ಆರಿಸಿದೆ. ಇನ್ನು ಇದನ್ನ ಒಂದು ದಿನಾನೂ ಒರೆಸಲ್ಲ ಅಂತ ದೇವರ ಮುಂದೆ ಹೇಳ್ಕೊಂಡೆ. ಮಳೆಗಾಲದಲ್ಲಿ ಕಿಟಕಿ ತೆಗೆದಿಡ್ತಿದ್ದೆ, ಚೆನ್ನಾಗಿ ಹಿಡೀಲಿ ಅಂತ. ಬೆಳಿಗ್ಗೆ ಎಂಟಕ್ಕೆ ಎದ್ದು ಅದರ ಮುಂದೆ ಕೂತ್ಕೊಂಡ್ರೆ... ಅಯ್ಯೋ, ಏನು ಸುಖ! ಒಂದೊಂದು ಪದರಾನೂ ನನಗೆ ಗೊತ್ತಿತ್ತು.”

ಕಂಪೌಂಡರ್ ಮೆಲ್ಲಗೆ ಕೆಮ್ಮಿದರು. “ನಾನು ಬೆಳಿಗ್ಗೇನೇ ಹೇಳಿದ್ದೆ, ರೋಗ ತಿಳೀದೆ ಮುಟ್ಟಬೇಡಿ ಅಂತ.”

“‘ನಿಲ್ಸಿ’ ಅಂತ ಕೂಗಿದ್ದೇ ನಾನು. ಬೀದಿಗೆಲ್ಲ ಕೇಳಿದೆ,” ಎಂದರು ಮೇಷ್ಟ್ರು, ಪುಸ್ತಕ ಕಂಕುಳಿಗೆ ಸೇರಿಸುತ್ತ.

“ಮುಖ್ಯಸ್ಥ ಇವರೇ. ನನ್ನ ಹತ್ತಿರ ಬರಹದಲ್ಲಿದೆ,” ಎಂದು ಕಾನ್‌ಸ್ಟೆಬಲ್ ಸೂಜಿಯತ್ತ ಬೆರಳು ಮಾಡಿ ಟೋಪಿ ಹಾಕಿಕೊಂಡ. ಮೂವರೂ ಒಂದೇ ಬಾಗಿಲಲ್ಲಿ ಒಟ್ಟಿಗೆ ಹೊರಬಿದ್ದರು.

“ಮಾವ,” ಎಂದ ಸೂಜಿ, ದನಿ ದಾರದಷ್ಟಾಗಿ, “ಹಾಗಿದ್ರೆ ಮತ್ತೆ ಮಳೆಗೆ ಇಟ್ಟುಬಿಡೋಣ. ಬೇಗ ಹಿಡಿಯತ್ತೆ.”

ಮಾವ ತಲೆ ಅಲ್ಲಾಡಿಸಿದರು. “ಆಗಲ್ಲ. ಕೊಳಕಾಗಿರೋ ಬಂದೂಕನ್ನ ಹಾಗೇ ಬಿಡಬಹುದು. ಶುಚಿಯಾಗಿರೋ ಬಂದೂಕಿಗೆ ತುಕ್ಕು ಹಿಡಿಸೋಕೆ ಸೈನಿಕನಾದವನಿಗೆ ಕೈ ಬರಲ್ಲ. ಅದು ಗೋಡೆ ಮೇಲೆ ಹೊಳೀತಿದ್ರೆ ನನಗೆ ಎಂಟರ ತನಕ ನಿದ್ದೆ ಮಾಡೋಕಾಗಲ್ಲ.” ಅವರು ಎದ್ದು ನಿಂತರು. ಬೆನ್ನು ತಂತಾನೇ ನೆಟ್ಟಗಾಯಿತು. ಕೈ ನಡುಗಲಿಲ್ಲ. ಮದುವೆಯಾದಂದಿನಿಂದ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ ಮಾವ ಮೊದಲ ಬಾರಿಗೆ, “ಏಯ್, ಬಾ ಇಲ್ಲಿ,” ಎಂದರು. “ಈ ಕೋಣೆ ಬೇಕು ಅಂತ ಕೇಳ್ತಿದ್ದೆಯಲ್ಲ?”

“ಹೌದು ಮಾವ!”

“ಕೊಟ್ಟಿದ್ದೀನಿ, ತಗೋ. ಬೆಳಿಗ್ಗೆ ನಾಲ್ಕರಿಂದ ಆರರವರೆಗೆ. ಒರೆಸೋ ಬಟ್ಟೆ ನೀನೇ ತಂದ್ಕೋ. ಆ ಹೊಲಿಗೆ ಯಂತ್ರದ ಎಣ್ಣೆ ನನ್ನ ಬಂದೂಕಿಗೆ ಮುಟ್ಟಿಸಕೂಡದು.”

“ರೀ, ಅಲಾರಾಂ ಇಡ್ಲಾ?” ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಅವಳ ದನಿಯಲ್ಲಿ ನಗು ಇತ್ತೇ ಇಲ್ಲವೇ ಎಂದು ಸೂಜಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಗಿನ ಐದೂವರೆಗೆ ಸೂಜಿ ಮುಂದಿನ ಕೋಣೆಯಲ್ಲಿ ಬಂದೂಕು ಹಿಡಿದು ನೆಟ್ಟಗೆ ನಿಂತಿದ್ದ. ಒಂದೂವರೆ ಗಂಟೆ ಒರೆಸಿದ್ದ. ಕಿಟಕಿಯಲ್ಲಿ ಆಗತಾನೇ ಬೆಳಕು ಬರುತ್ತಿತ್ತು, ಕೆಲಸಕ್ಕೆ ಹೇಳಿ ಮಾಡಿಸಿದಂಥ ಬೆಳಕು. ಮಾವ ಮುಖ ತೊಳೆದು, ಅಂಗಿಯ ಗುಂಡಿಯೆಲ್ಲ ಹಾಕಿಕೊಂಡು ಬಂದರು. ಬಂದೂಕು ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ನಳಿಗೆಯನ್ನು ಆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಳಗೆ ಒಂದು ಕಣವೂ ಇರಲಿಲ್ಲ.

“ಧೂಳು,” ಎಂದರು.

ಇಪ್ಪತ್ತೆರಡು ವರ್ಷ ಕೇಳಿಸಿಕೊಂಡದ್ದನ್ನು ಕೊನೆಗೂ ಒಬ್ಬರಿಗೆ ಹೇಳಿದ ಸುಖಕ್ಕೆ ಅವರ ಮುಖ ಬಂದೂಕಿಗಿಂತ ಹೆಚ್ಚು ಹೊಳೆಯುತ್ತಿತ್ತು.